ಪರೀಕ್ಷೆಗೊಳಗಾಗದ ಪರೀಕ್ಷಾಯಂತ್ರ

ಅಮೆರಿಕದ ಪತ್ರಕರ್ತ ಜಾನ್ ಕ್ಯಾರಿರೂ ಅವರ ‘ಬ್ಯಾಡ್ ಬ್ಲಡ್’ (2018) ಎಂಬ ಇಂಗ್ಲಿಷ್ ಗ್ರಂಥವು ಥೆರಾನೋಸ್ ಕಂಪನಿಯ ಏಳುಬೀಳಿನ ವೃತ್ತಾಂತ. ಎಲಿಜಬೆತ್ ಹೋಮ್ಸ್ ತಮ್ಮ 19ನೆಯ ವಯಸ್ಸಿನಲ್ಲಿ, 2003ರಲ್ಲಿ, ಇದನ್ನು ಸ್ಥಾಪಿಸಿದರು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳು ಸಾಧ್ಯವೆಂದು ಸಾರಿದರು. 2014ರ ವೇಳೆಗೆ ಕಂಪನಿಯ ಬೆಲೆ 900 ಕೋಟಿ ಡಾಲರೆಂದು ಗಣಿಸಲ್ಪಟ್ಟಿತು. ವಾಸ್ತವವಾಗಿ ಅದರ ಸ್ವಂತ ಯಂತ್ರ ಮಾಡಬಲ್ಲ ಪರೀಕ್ಷೆಗಳು ಕೆಲವು ಮಾತ್ರ; ಉಳಿದವಕ್ಕೆ ಅನ್ಯರ ಯಂತ್ರಗಳೇ ಗತಿ.

ಲೇಖಕರು ಆವೇಶಕ್ಕೊಳಗಾಗದೆ ಘಟನೆಗಳನ್ನು ಕ್ರಮವಾಗಿ ನಿರೂಪಿಸುತ್ತಾರೆ. 2006ರಲ್ಲಿ ಯಂತ್ರಪ್ರದರ್ಶನದ ಸಾಚಾತನವನ್ನು ಪ್ರಶ್ನಿಸಿದ ಹಣಕಾಸು ಅಧಿಕಾರಿ ಕೆಲಸ ಕಳೆದುಕೊಂಡ ಪ್ರಸಂಗದಿಂದಲೇ ಗ್ರಂಥಾರಂಭ. ನಿರ್ದೇಶಕ ಮಂಡಲಿಯಲ್ಲಿದ್ದ ಮಾಜಿ ವಿದೇಶಾಂಗ ಸಚಿವ ಜಾರ್ಜ್ ಶುಲ್ಟ್ಸ್ ಅವರು, ಅಲ್ಲಿಯೇ ದುಡಿದು ಲೋಪಗಳನ್ನು ಕಂಡ ಸ್ವಂತ ಮೊಮ್ಮಗನ ಮಾತನ್ನು ಬಿಟ್ಟು ಸಂಸ್ಥಾಪಕಿಯ ಮಾತನ್ನು ನಂಬಿದ್ದು ಗ್ರಂಥದ ಮರ್ಮಸ್ಥಾನ. ಆ ಮಂಡಲಿಗೆ ಕೀರ್ತಿ, ಪದವಿ, ಅನುಭವ ಯಾವುದರ ಕೊರತೆಯೂ ಇರಲಿಲ್ಲ. ಯಂತ್ರವನ್ನು ಪರೀಕ್ಷಿಸಿ ನೋಡಬೇಕೆಂಬ ವಿವೇಕ ಮಾತ್ರ ಜಾಗೃತವಾಗಲಿಲ್ಲ.

ಒಂದು ನ್ಯೂನತೆಯುಂಟು. ಕಂಪನಿಯ ಒಳಮನೆಯ ಚಿತ್ರಣ ವಿಸ್ತಾರವಾಗಿದೆ. ತಪ್ಪು ವರದಿಯಿಂದ ಕಂಗೆಟ್ಟ ರೋಗಿಗಳಿಗೆ ದೊರೆತ ಅವಕಾಶ ಅಲ್ಪ. ನ್ಯಾಯಾಲಯದಲ್ಲಿಯೂ ಹಾಗೆಯೇ ಆಯಿತು. 2022ರಲ್ಲಿ ಹೋಮ್ಸ್ ದೋಷಿಯಾದದ್ದು ಹೂಡಿಕೆದಾರರನ್ನು ವಂಚಿಸಿದ 4 ಆರೋಪಗಳಲ್ಲಿ. ಅದಕ್ಕೆ 11 ವರ್ಷಕ್ಕೂ ಮಿಕ್ಕ ಸೆರೆವಾಸ. ರೋಗಿಗಳನ್ನು ವಂಚಿಸಿದ ಆರೋಪಗಳಿಂದ ಆಕೆ ಮುಕ್ತರಾದರು. ಹಣದ ನಷ್ಟಕ್ಕೆ ಲೆಕ್ಕವಿದೆ, ಮುರಿದ ನಂಬಿಕೆಗೆ ಲೆಕ್ಕವೆಲ್ಲಿ?

ವಿದ್ಯಾಸಂಸ್ಥೆ, ಆಸ್ಪತ್ರೆ, ಸಹಕಾರಿ ಸಂಘಗಳ ಆಡಳಿತ ಮಂಡಲಿಗಳಿಗೆ ತಮ್ಮ ಹೆಸರನ್ನು ಕೊಟ್ಟಿರುವ ಹಿರಿಯರೆಲ್ಲರೂ ಅವಶ್ಯ ಓದಬೇಕಾದ ಗ್ರಂಥವಿದು.