‘ಕರ್ವಾಲೊ’ ಓದಿದ ಮೇಲೆ: ಒಂದು ಸಂತೋಷ, ಕೆಲವು ಅಸಮಾಧಾನ



ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿ ನಮ್ಮ ಮದ್ದೂರು ಇದೆ. ವಡೆಗೆ ಹೆಸರಾದ ಮಂಡ್ಯ ಜಿಲ್ಲೆಯ ಮದ್ದೂರು ಬೇರೆ, ಇದು ಬೇರೆ. 2009ರಿಂದ ಈ ಕಾಡುದಾರಿಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ನಿಷೇಧವಿರುವುದರಿಂದ, ಒಂಬತ್ತು ಗಂಟೆಯ ಮೇಲೆ ಲಾರಿಗಳ ಸದ್ದಡಗಿ, ಓದುವವನಿಗೆ ಒಳ್ಳೆಯ ಹೊತ್ತು ಒದಗುತ್ತದೆ. ಅಂಥದೊಂದು ರಾತ್ರಿ, ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಹ್ಯಾರಿ ಪಾಟರನ ದಪ್ಪ ಪುಸ್ತಕವೊಂದನ್ನು ಮಡಿಚಿಟ್ಟು, “ತಾತ, ನಮ್ಮ ಕನ್ನಡದಲ್ಲಿ ಇಂಥದ್ದು ಇಲ್ಲವೇ?” ಎಂದು ಕೇಳಿದಳು. ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ಸುಲಭವಲ್ಲ.

1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಆ ಆಂಗ್ಲ ಕಥಾಮಾಲೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಾಯ್ತಂದೆಗಳಿಲ್ಲದ ಬಾಲಕನೊಬ್ಬ ಸ್ನೇಹದ ಬಲದಿಂದ ಕೇಡನ್ನು ಎದುರಿಸುವ ಕಥೆಯನ್ನು ಮಕ್ಕಳು ಪ್ರೀತಿಸಿದರೆ ಅದರಲ್ಲಿ ತಪ್ಪೇನು? ಆದರೆ ಅಲ್ಲಿಯ ಅದ್ಭುತವನ್ನು ಕಾಣಬೇಕಾದರೆ ರೈಲು ನಿಲ್ದಾಣದ ಗೋಡೆಯನ್ನು ತೂರಿ ಬೇರೊಂದು ಲೋಕಕ್ಕೆ ಹೋಗಬೇಕು. ಇದ್ದಲ್ಲೇ ಅದ್ಭುತವನ್ನು ಕಾಣಿಸುವ ಪುಸ್ತಕವೊಂದನ್ನು ಆಕೆಗೆ ಕೊಡಬೇಕೆನಿಸಿತು. ಕಪಾಟಿನಿಂದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಟ್ಟೆ. ಆಕೆ ಓದಿ ಮುಗಿಸಿದ ಮೇಲೆ ನಾನೂ ಇನ್ನೊಮ್ಮೆ ಓದಿದೆ. ಈ ಲೇಖನ ಆ ಎರಡು ಓದುಗಳ ಫಲ.

1980ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಬಲ್ಲವರು ಬಹುಮಂದಿ. ಮೂಡಿಗೆರೆಯ ಸೀಮೆಯಲ್ಲಿ ಬೇಸಾಯದ ತಾಪತ್ರಯಗಳ ನಡುವೆ ಬದುಕುವ ನಿರೂಪಕ. ಕೃಷಿ ವಿಜ್ಞಾನಿಯಾದ ಕರ್ವಾಲೊ. ಜೇನಿನ ಮರ್ಮ ಬಲ್ಲ ಹಳ್ಳಿಗ ಮಂದಣ್ಣ. ಪ್ಯಾರ, ಕರಿಯಪ್ಪ, ಎಂಗ್ಟ, ಪ್ರಭಾಕರ, ಇವರೊಡನೆ ಕಿವಿಯೆಂಬ ನಾಯಿ. ಮಂದಣ್ಣ ಕಂಡೆನೆಂದ ಹಾರುವ ಓತಿಯನ್ನು ಅರಸುತ್ತ ಈ ವಿಚಿತ್ರ ತಂಡ ದಟ್ಟ ಕಾಡನ್ನು ಹೊಗುತ್ತದೆ. ಕಾಲದ ಅನಂತತೆಯನ್ನೇ ಬೆನ್ನ ಮೇಲೆ ಹೊತ್ತಂತಿರುವ ಆ ಪುಟ್ಟ ಜೀವಿ ಕಣ್ಣಿಗೆ ಬೀಳುತ್ತದೆ. ಇನ್ನೇನು ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಕಣಿವೆಯ ಮೇಲೆ ತೇಲಿ ಮರೆಯಾಗುತ್ತದೆ.

ಮೊದಲು ಸಂತೋಷದ ಮಾತು. ಮಂದಣ್ಣನನ್ನು ಊರು ಕೆಲಸಕ್ಕೆ ಬಾರದವನೆಂದು ಎಣಿಸುತ್ತದೆ. ವಿದ್ಯಾವಂತನಾದ ನಿರೂಪಕನಿಗೂ ಆತ ಮೊದಮೊದಲು ನಗೆಯ ವಸ್ತು. ಕರ್ವಾಲೊ ಒಬ್ಬರೇ ಅವನೊಳಗಿನ ಪ್ರಕೃತಿತಜ್ಞನನ್ನು ಗುರುತಿಸುತ್ತಾರೆ. ವಿದ್ಯೆಯು ಪದವಿಯನ್ನು ಹುಡುಕಿಕೊಂಡು ಬರುವುದಿಲ್ಲ, ಕಣ್ಣು ತೆರೆದವನನ್ನು ಹುಡುಕಿಕೊಂಡು ಬರುತ್ತದೆ ಎಂಬುದನ್ನು ಉಪದೇಶವಿಲ್ಲದೆ, ನಗುನಗುತ್ತಲೇ ಈ ಕೃತಿ ಮನಗಾಣಿಸುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮುಂತಾದ ಶರಣರನ್ನು ಕಾಯಕದ ಹೆಸರಿನಿಂದಲೇ ಕರೆದು ಗೌರವಿಸುವ ನಮಗೆ ಇದು ಹೊಸ ತತ್ತ್ವವೇನಲ್ಲ. ತತ್ತ್ವವಾಗಿ ತಿಳಿದಿರುವುದು ಬೇರೆ, ನಡೆಯಲ್ಲಿ ತರುವುದು ಬೇರೆ.

ಇಲ್ಲಿ ನನ್ನದೊಂದು ತಪ್ಪನ್ನು ನಿವೇದಿಸಿಕೊಳ್ಳಬೇಕು. ಮೇಷ್ಟರಾಗಿದ್ದ ಕಾಲದಲ್ಲಿ ನನ್ನ ತರಗತಿಯಲ್ಲಿ ಜೇನುಕುರುಬರ ಹುಡುಗನೊಬ್ಬನಿದ್ದ. ಜೇನಿನ ಕಾಲದಲ್ಲಿ ವಾರಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ಬಂದ ದಿನ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹೆಜ್ಜೇನು ಯಾವ ಮರಕ್ಕೆ ಯಾವಾಗ ಕಟ್ಟುತ್ತದೆ, ಯಾವ ಹೂವಿನ ಜೇನು ಕಹಿಯಾಗುತ್ತದೆ ಎಂಬುದನ್ನೆಲ್ಲ ಬಲ್ಲವನನ್ನು ನಾನು ಒಮ್ಮೆಯೂ ಕೇಳಲಿಲ್ಲ. ಆತ ಶಾಲೆ ಬಿಟ್ಟ. ಆಗಲೇ ನನ್ನ ಬಳಿ ‘ಕರ್ವಾಲೊ’ ಇತ್ತು. ಮಂದಣ್ಣನನ್ನು ಮೆಚ್ಚಿ ಕಣ್ಣೀರು ತುಂಬಿಕೊಂಡವನೂ ನಾನೇ. ಪುಸ್ತಕದೊಳಗಿನ ಮಂದಣ್ಣನಿಗೆ ತಲೆಬಾಗಿ, ಎದುರಿಗೆ ನಿಂತ ಮಂದಣ್ಣನನ್ನು ಬೆಂಚು ಹತ್ತಿಸಿದ ಓದು ಎಂಥ ಓದು? ಇದು ಕೃತಿಯ ದೋಷವಲ್ಲ, ಓದುಗನ ದೋಷ.

ಇನ್ನು ಅಸಮಾಧಾನಗಳು. ಮೊದಲನೆಯದನ್ನು ಎತ್ತಿದವಳು ಮೊಮ್ಮಗಳೇ: “ಓತಿ ಹುಡುಕಲು ಹೊರಟವರಲ್ಲಿ ಒಬ್ಬ ಹುಡುಗಿಯೂ ಇಲ್ಲವಲ್ಲ ತಾತ!” ನಲವತ್ತು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಮ್ಮ ಸೀಮೆಯ ಕಂಸಾಳೆಯವರು ಹಾಡುವ, ಹುಲಿಯನ್ನೇರಿದ ಮಾದಪ್ಪನ ಕಥೆಯಲ್ಲಿ ಸಂಕಮ್ಮನದೇ ಒಂದು ಸಾಲು ಇದೆ. ಗಂಡನ ಸಂಶಯದ ಬೆಂಕಿಯಲ್ಲಿ ಬೆಂದ ಆ ಹೆಣ್ಣುಮಗಳ ಸಂಕಟಕ್ಕೆ ಕಾಡಿನ ನಡುವೆ ದೇವರೇ ಓಗೊಡಬೇಕಾಯಿತು. ಅಕ್ಷರವರಿಯದ ಹಾಡುಗಾರರು ಅದ್ಭುತದ ಕಥೆಯಲ್ಲಿ ಹೆಣ್ಣಿಗೆ ಕೊಟ್ಟ ಸ್ಥಾನವನ್ನು, ವಿಚಾರವಂತರಾದ ನಮ್ಮ ಕಾದಂಬರಿಕಾರರು ಈ ಕೃತಿಯಲ್ಲಿ ಕೊಡಲಿಲ್ಲವೆಂಬುದನ್ನು ಒಪ್ಪಲೇಬೇಕು.

ಎರಡನೆಯದು, ಮಂದಣ್ಣನ ಅಂತರಂಗ. ಕಥೆಯೆಲ್ಲ ನಿರೂಪಕನ ಬಾಯಿಂದಲೇ ಬರುವುದರಿಂದ ಮಂದಣ್ಣನನ್ನು ನಾವು ಹೊರಗಿನಿಂದಷ್ಟೇ ಕಾಣುತ್ತೇವೆ. ಕರಿಯಪ್ಪ, ಪ್ಯಾರ ಮೊದಲಾದವರಂತೂ ಬಹುಮಟ್ಟಿಗೆ ನಗಿಸುವುದಕ್ಕೇ ಇದ್ದಾರೆ. ನಗೆ ನಿರ್ಮಲವಾದುದೇ, ಸಂದೇಹವಿಲ್ಲ. ಆದರೂ ಬಲ್ಲವನೊಬ್ಬ ಗುರುತಿಸಿದ ಮೇಲೆಯೇ ಕಾಡಿನವನ ಅರಿವಿಗೆ ಬೆಲೆ ಬರಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ.

ಮೂರನೆಯದು ಓತಿಯ ವಿಷಯ. ಹಾರುವ ಓತಿ ಕಲ್ಪನೆಯ ಪ್ರಾಣಿಯಲ್ಲ. ಪಶ್ಚಿಮ ಘಟ್ಟಗಳ ಕಾಡುಗಳಲ್ಲಿಯೂ ಅಡಕೆ ತೋಟಗಳಲ್ಲಿಯೂ ಇಂದಿಗೂ ಇದೆ. ಇರುವೆಗಳನ್ನು ತಿಂದು ಬದುಕುವ ಇದು, ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಬೀಸಣಿಗೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಇಂಥ ಸಾಧುಜೀವಿಯ ಸುತ್ತ ಕಾದಂಬರಿಯು ಕೋಟ್ಯಂತರ ವರ್ಷಗಳ ರಹಸ್ಯದ ಪ್ರಭಾವಳಿಯನ್ನು ಕಟ್ಟಿದೆ. ಕಾವ್ಯಕ್ಕೆ ಇದು ಸಲ್ಲುತ್ತದೆ. ಆದರೆ ವಿಜ್ಞಾನಿಯ ಮಾತೆಂದು ನಂಬಿ ಓದುವ ಎಳೆಯರು, ಅಪರೂಪವಾದುದು ಮಾತ್ರವೇ ಅದ್ಭುತ ಎಂದು ತಿಳಿದಾರೆಂಬ ಅಂಜಿಕೆ ನನಗುಂಟು. ತೋಟದ ಮರದಲ್ಲಿ ಸಿಗುವುದೆಂದು ತಿಳಿದರೆ ಅದರ ಸೋಜಿಗ ಕಡಿಮೆಯಾಗುವುದೇ?

ಕೊನೆಗೆ ಮುಕ್ತಾಯದ ಪ್ರಶ್ನೆ. “ಅಷ್ಟು ದೂರ ಹೋಗಿ ಹಿಡಿಯಲೇ ಇಲ್ಲವೇ?” ಎಂದು ಮೊಮ್ಮಗಳು ಮುಖ ಸಪ್ಪಗೆ ಮಾಡಿದಳು. ಹ್ಯಾರಿ ಪಾಟರನ ಕಥೆಯಲ್ಲಿ ಕೊನೆಗೆ ಕೇಡು ಸೋಲುತ್ತದೆ, ಓದಿದವರಿಗೆ ತೃಪ್ತಿಯಾಗುತ್ತದೆ. ಇಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಮೊದಲ ಓದಿನಲ್ಲಿ ನಾನೂ ಹೀಗೆಯೇ ನಿರಾಶನಾಗಿದ್ದೆ. ಈಗ ಹಾಗೆನಿಸಲಿಲ್ಲ. ಹಿಡಿದಿದ್ದರೆ ಆ ಓತಿ ಸೀಸೆಯೊಂದರಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡು ಕೂರುತ್ತಿತ್ತು. ಹಾರಿಹೋದದ್ದರಿಂದ ಕಾಡಿಗೆ ಕಾಡು ಉಳಿಯಿತು, ನೋಡಿದವರಿಗೆ ವಿಸ್ಮಯ ಉಳಿಯಿತು. ಅರಿವೆಂದರೆ ಕೈವಶ ಮಾಡಿಕೊಳ್ಳುವುದಲ್ಲ ಎಂದು ಹೇಳಲು ಇದಕ್ಕಿಂತ ಉಚಿತವಾದ ಮುಕ್ತಾಯ ನನಗೆ ತೋರದು. ಮೊಮ್ಮಗಳು ಇನ್ನೂ ಒಪ್ಪಿಲ್ಲ. ಒಪ್ಪಲೇಬೇಕೆಂದು ನಾನೂ ಹಠ ಹಿಡಿದಿಲ್ಲ.

ವಾಚಕರೇ, ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಊರೂರುಗಳಲ್ಲಿ ನೆಲೆಸಿರುವ ತಮ್ಮಲ್ಲಿ ಒಂದು ಅರಿಕೆ. ಮನೆಯ ಮಕ್ಕಳಿಗೆ ಈ ಪುಸ್ತಕವನ್ನು ಕೊಡಿ. ಅದರ ಕೊರತೆಗಳನ್ನು ಅವರೊಡನೆ ಚರ್ಚಿಸಿ. ಅವರು ಹ್ಯಾರಿ ಪಾಟರನನ್ನು ಓದುತ್ತಿದ್ದರೆ ಕಸಿದುಕೊಳ್ಳಬೇಡಿ. ಆದರೆ ಓದಿ ಮುಗಿಸಿದ ಮರುದಿನ ಅವರನ್ನು ಕರೆದುಕೊಂಡು ತೋಟಕ್ಕೋ ಕೆರೆಯಂಗಳಕ್ಕೋ ಹೋಗಿ, ದನ ಕಾಯುವ, ಜೇನು ಬಿಡಿಸುವ ಹಿರಿಯರೊಬ್ಬರ ಮಾತು ಕೇಳಿಸಿ. ನನ್ನ ತರಗತಿಯ ಆ ಹುಡುಗ ಈಗ ಎಲ್ಲಿದ್ದಾನೋ, ವಿಚಾರಿಸುತ್ತಿದ್ದೇನೆ. ಸಿಕ್ಕಿದರೆ ಮೊಮ್ಮಗಳನ್ನು ಕರೆದುಕೊಂಡು ಅವನ ಮನೆಗೆ ಹೋಗಿ, ಅಂದು ಕೇಳದೆ ಬಿಟ್ಟದ್ದನ್ನು ಕೇಳಬೇಕೆಂದಿದ್ದೇನೆ.