ಸಾಧು, ಸೊಕ್ಕು ಮತ್ತು ಎರಡು ಕಾದಂಬರಿಗಳು

ಮಲೆನಾಡಿನ ಕೊಟ್ಟಿಗೆಯಲ್ಲಿ ದನಗಳು ಎರಡು ಬಗೆ. ಕರೆಯುವಾಗ ಒದೆಯದ, ಸಣ್ಣ ಮಕ್ಕಳು ಹಗ್ಗ ಹಿಡಿದರೂ ಹಿಂದೆ ಬರುವ ಹಸು ‘ಸಾಧು’. ಬೇಲಿ ನುಗ್ಗಿ ಗದ್ದೆಗೆ ಬಾಯಿ ಹಾಕುವುದು ‘ತುಡು’. ತುಡು ದನದ ಕೊರಳಿಗೆ ಮರದ ತುಂಡೊಂದನ್ನು ಇಳಿಬಿಟ್ಟು ಕಟ್ಟುತ್ತಾರೆ. ಓಡಿದರೆ ಅದು ಮುಂಗಾಲಿಗೆ ಬಡಿಯುತ್ತದೆ. ಮೆಲ್ಲಗೆ ನಡೆದರೆ ನೋವಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಒಡೆತನ ಕೊಟ್ಟಿಗೆಯ ಈ ವಿಂಗಡಣೆಯನ್ನೇ ಜಗಲಿಗೆ ತಂದು ಮನುಷ್ಯರ ಮೇಲೆ ಹೊರಿಸಿತು.

ಗೇಣಿ ಅಳೆದು ಕೊಟ್ಟು ತಲೆ ತಗ್ಗಿಸಿ ಹೋಗುವ ಒಕ್ಕಲು ‘ಪಾಪದವನು’, ‘ನಿಯತ್ತಿನವನು’, ‘ಹೇಳಿದ ಹಾಗೆ ಕೇಳುವವನು’. ಅದೇ ಮನುಷ್ಯ ಒಂದು ದಿನ ಯಾಕೆ ಎಂದು ಕೇಳಿದರೆ ಅವನಿಗೆ ‘ಸೊಕ್ಕು’, ‘ಕೊಬ್ಬು’, ‘ನೆತ್ತಿಗೇರಿದೆ’. ಈ ಎರಡನೆಯ ಗುಂಪಿನ ಮಾತುಗಳನ್ನು ಸ್ವಲ್ಪ ನಿಂತು ನೋಡಬೇಕು. ಕದ್ದ ಎಂದರೆ ಏನನ್ನು ಕದ್ದ ಎಂದು ಕೇಳಬಹುದು. ಸೊಕ್ಕು ಎಂದರೆ ಕೇಳಲು ಏನೂ ಉಳಿಯುವುದಿಲ್ಲ. ತಪ್ಪು ಯಾವುದೆಂದು ಹೇಳುವ ಮೊದಲೇ ಶಿಕ್ಷೆ ಸಿದ್ಧವಾಗಿರುತ್ತದೆ: ಸೊಕ್ಕು ಮುರಿಯಬೇಕು, ಕೊಬ್ಬು ಇಳಿಸಬೇಕು, ಬುದ್ಧಿ ಕಲಿಸಬೇಕು. ಹೊಡೆಯುವವನಿಗೆ ಕಾರಣ ಕೊಡುವ ಕಷ್ಟವನ್ನೇ ತಪ್ಪಿಸುವ ನುಡಿಗಟ್ಟು ಇದು.

ಈ ನುಡಿಗಟ್ಟನ್ನು ಸಾಹಿತ್ಯದ ಬೆಳಕಿಗೆ ತಂದವರು ತೀರ್ಥಹಳ್ಳಿ ತಾಲೂಕಿನವರೇ ಆದ ಕುವೆಂಪು. 1936ರ ‘ಕಾನೂರು ಹೆಗ್ಗಡಿತಿ’ಯ ಒಡೆಯ ಚಂದ್ರಯ್ಯಗೌಡರ ಗದರಿಕೆಯಲ್ಲಿ, ಏಟಿನಲ್ಲಿ ಆ ಜಗಲಿ ಇಡಿಯಾಗಿ ಕಾಣುತ್ತದೆ. ಬಡವರ ಮನೆಯಿಂದ ಮೂರನೆಯ ಹೆಂಡತಿಯಾಗಿ ಬಂದ ಸುಬ್ಬಮ್ಮ ಸಾಧುವಾಗಿರಬೇಕೆಂಬುದು ಆ ಮನೆಯ ನಿರೀಕ್ಷೆ. ಸಂಶಯ ಬಂದದ್ದೇ ತಡ, ಅವಳಿಗೂ ಏಟೇ ಉತ್ತರ. ಒಕ್ಕಲಾಳಿಗೂ ಮನೆಯೊಡತಿಗೂ ಒಂದೇ ಕೈಯ ಏಟು ಬೀಳುವುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ್ದು ಆ ಕಾದಂಬರಿಯ ದೊಡ್ಡ ಗೆಲುವು. ಆದರೆ ಆಳುಗಳಾದ ಬೇಲರ ಬೈರ, ಸೇಸಿಯರ ಹತ್ತಿರ ಬಂದಾಗ ನಿರೂಪಕನ ದನಿ ಸಡಿಲಾಗುತ್ತದೆ. ಅವರ ಪುಕ್ಕಲುತನ, ಕಳ್ಳತನ, ಕಾದಾಟಗಳು ಬಹಳ ಸಲ ನಗಿಸಲು ಬರುತ್ತವೆ. ಗೌಡರ ಕಣ್ಣಿಗೆ ಬೈರ ಹೇಗೆ ಕಾಣುತ್ತಿದ್ದನೋ ಹೆಚ್ಚುಕಡಿಮೆ ಹಾಗೆಯೇ ನಮಗೂ ಕಾಣುತ್ತಾನೆ. ಕುವೆಂಪು ಅವರನ್ನು ಎಷ್ಟೇ ಪ್ರೀತಿಸಿದರೂ ಈ ಮಾತನ್ನು ನುಂಗಿಕೊಳ್ಳಲು ನನ್ನಿಂದ ಆಗದು.

ಹದಿನೈದು ವರ್ಷಗಳ ನಂತರ, 1951ರಲ್ಲಿ, ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಒಕ್ಕಲುಗಳು ಕೊಳಗದ ಮಾತೆತ್ತಿದರು. ಕಣದಲ್ಲಿ ಭತ್ತದ ರಾಶಿ, ಅಳೆಯಲು ಒಡೆಯರ ಕಡೆಯ ಕೊಳಗ. ಗೇಣಿ ಅಳೆಯುವ ಆ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ಅವರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಸಮಾಜವಾದಿಗಳು ಜೊತೆಗೂಡಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಸರಿಮಾಡಿ ಎಂದು ಕೇಳಿದವರು ಸತ್ಯಾಗ್ರಹ ಹೂಡಿ ಸಾಲುಸಾಲಾಗಿ ಜೈಲಿಗೆ ಹೋದರು. ಸೊಕ್ಕೆಂದು ಮೂದಲಿಸುತ್ತಿದ್ದ ಪ್ರಶ್ನೆಗೆ ಅಲ್ಲಿ ‘ಹಕ್ಕು’ ಎಂಬ ಹೆಸರು ಬಂತು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ತೀರ್ಥಹಳ್ಳಿ ಸೀಮೆಯ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಕಳಿಸಿತು. ಉಳುವವನಿಗೇ ಭೂಮಿ ಕೊಡುವ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ ಅದನ್ನು ನೋಡಲು ಗೋಪಾಲಗೌಡರಿರಲಿಲ್ಲ; 1972ರಲ್ಲೇ ತೀರಿಕೊಂಡಿದ್ದರು. ಕಾಗೋಡಿನ ಮಗ ತಿಮ್ಮಪ್ಪನವರು ಮುಂದೆ ರಾಜ್ಯದ ಕಂದಾಯ ಸಚಿವರಾದರು.

ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಓದುವಾಗ ನನಗೆ ಕಾಗೋಡು ನೆನಪಾಗುತ್ತದೆ. ಕತೆಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ, ಸತ್ಯಾಗ್ರಹದ ಸುಳಿವೂ ಅಲ್ಲಿಲ್ಲ. ಆದರೆ ನಾಯಿಗುತ್ತಿಯನ್ನು ನೋಡಿ. ಸಿಂಬಾವಿ ಭರಮೈ ಹೆಗ್ಗಡೆಯವರ ಜೀತದಾಳು. ಹೆಸರಿಗೂ ನಾಯಿಯ ನಂಟು. ಹಳೆಯ ಕಣ್ಣಿಗೆ ಅವನು ಹೇಳಿದ ಕೆಲಸ ಮಾಡಬೇಕಾದವನು, ಮಾಡದಿದ್ದರೆ ಏಟು ತಿನ್ನಬೇಕಾದವನು. ಅಂಥವನು ಬೆಟ್ಟಳ್ಳಿಯ ತಿಮ್ಮಿಯನ್ನು ಕರೆದುಕೊಂಡು ಕಾಡಿನ ದಾರಿ ಹಿಡಿಯುತ್ತಾನೆ. ಒಡೆಯರ ಲೆಕ್ಕದಲ್ಲಿ ಅದು ಶಿಕ್ಷೆಗೆ ಅರ್ಹವಾದ ಉದ್ಧಟತನ. ಕಾದಂಬರಿ ಮಾತ್ರ ಅವನ ಹೆಜ್ಜೆ ಹಿಂದೆಯೇ ನಡೆಯುತ್ತದೆ, ಅವನ ಹಸಿವು, ಭಯ, ಆಸೆಗಳನ್ನು ಒಡೆಯರ ಮನೆಯ ವ್ಯವಹಾರಗಳಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಕೊನೆಗೆ ಉಕ್ಕುವ ತುಂಗೆಯಲ್ಲಿ ಅವನ ನಾಯಿ ಹುಲಿಯ ಕೊಚ್ಚಿಹೋಗುವಾಗ ಓದುಗನ ಕರುಳು ಹಿಂಡುವುದು ಈ ಗೌರವದಿಂದಲೇ. ಬೈರನಿಗೆ ದಕ್ಕದ ಘನತೆ ಗುತ್ತಿಗೆ ದಕ್ಕಿತು. ಎರಡು ಕಾದಂಬರಿಗಳಲ್ಲಿ ಒಂದನ್ನು ಆರಿಸಿ ಎಂದರೆ ಈ ಕಾರಣಕ್ಕಾಗಿಯೇ ಎರಡನೆಯದನ್ನು ಆರಿಸುತ್ತೇನೆ.

ಗೇಣಿ ಹೋಯಿತು, ಮಾತು ಉಳಿಯಿತು. ಈಗ ಅದು ಮನೆ ಮತ್ತು ಶಾಲೆಗಳಲ್ಲಿ ವಾಸವಾಗಿದೆ. ಹೆಣ್ಣು ನೋಡಲು ಬಂದವರ ಮುಂದೆ ‘ನಮ್ಮ ಹುಡುಗಿ ಸಾಧು’ ಎನ್ನುತ್ತೇವೆ. ಎದುರು ಮಾತಾಡುವ ಹುಡುಗನನ್ನು ‘ಎರಡು ಬಿಟ್ಟರೆ ಸರಿಹೋಗ್ತಾನೆ’ ಎಂದು ಮೇಷ್ಟ್ರಿಗೆ ಒಪ್ಪಿಸುತ್ತೇವೆ. ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಈ ಮೂರು ತಾಲೂಕುಗಳ ತಂದೆತಾಯಿಗಳಲ್ಲಿ, ಅಧ್ಯಾಪಕರಲ್ಲಿ ನನ್ನದೊಂದೇ ಕೋರಿಕೆ: ಮುಂದಿನ ಸಲ ಒಂದು ಮಗುವಿಗೆ ಸೊಕ್ಕು ಎನ್ನುವ ಮೊದಲು, ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡಿ.