‘ಸ್ಕೈ ಫೋರ್ಸ್’ ಕೈಬಿಟ್ಟ ಮೇಷ್ಟ್ರು

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ದೇಶಕ್ಕೆ ಪರಿಚಯಿಸಿತು ಎಂಬ ಹೊಗಳಿಕೆ ‘ಸ್ಕೈ ಫೋರ್ಸ್’ (2025) ಚಿತ್ರಕ್ಕೆ ಧಾರಾಳವಾಗಿ ಸಂದಿದೆ. ಪರಿಚಯವಾದದ್ದು ಘಟನೆ, ಆ ಮನುಷ್ಯನಲ್ಲ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿ, 1988ರಲ್ಲಿ ಬಂದ ಮಹಾವೀರ ಚಕ್ರ ಎಲ್ಲರಿಗೂ ಗೊತ್ತಿರುವುದೇ. ನನ್ನ ತಕರಾರು ಪಾತ್ರ ಕಟ್ಟಿದ ಬಗೆಯ ಮೇಲೆ.

ದೇವಯ್ಯನವರ ಪಾತ್ರಕ್ಕೆ ಚಿತ್ರ ಇಟ್ಟ ಹೆಸರು ಟಿ. ಕೃಷ್ಣ ವಿಜಯ; ಆಜ್ಞೆ ಮೀರುವ ಬಿಸಿರಕ್ತದ ಹುಡುಗ. ಆದರೆ ದಾಳಿ ನಡೆದ 1965ರ ಸೆಪ್ಟೆಂಬರ್ 7ರಂದು ದೇವಯ್ಯನವರಿಗೆ 32 ವರ್ಷ. ಯುದ್ಧಕ್ಕೆ ಮುಂಚೆ ಅವರು ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದ ಮೇಷ್ಟ್ರು. ಈ ವ್ಯತ್ಯಾಸ ಸಣ್ಣದಲ್ಲ. ಅಂದು ಅವರು ಹಾರಿಸುತ್ತಿದ್ದ ಮಿಸ್ಟೇರ್ ಯುದ್ಧವಿಮಾನ ನೇರ ಹಾರಾಟದಲ್ಲಿ ಶಬ್ದದ ವೇಗ ದಾಟಲಾರದು; ಬೆನ್ನಟ್ಟಿದ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದ್ದು. ಓಡಿ ಪಾರಾಗುವ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ಬಲು ಗಿಡ್ಡ. ವೇಗ ಇಳಿಸಿ ತಿರುವಿನ ಕಾಳಗಕ್ಕೆ ಇಳಿದರೆ ಅದರ ಮೇಲುಗೈ ಹೋಗುತ್ತದೆ, ಮಿಸ್ಟೇರ್‌ಗೆ ಅವಕಾಶ ಸಿಗುತ್ತದೆ. ಏಟು ತಿಂದ ವಿಮಾನದಲ್ಲಿ ಕೂತು ಆ ಅವಕಾಶವನ್ನು ಹಿಡಿಯಲು ಎದೆಗಾರಿಕೆಯೊಂದೇ ಸಾಲದು, ವರ್ಷಗಟ್ಟಲೆ ಪಳಗಿದ ಕೈ ಬೇಕು. ಸ್ಟಾರ್‌ಫೈಟರ್‌ನ ಪೈಲಟ್, ಪಾಕಿಸ್ತಾನದ ಅಮ್ಜದ್ ಹುಸೇನ್ ಪ್ಯಾರಾಚೂಟ್ ನಂಬಿ ಹಾರಬೇಕಾಯಿತು. ದೇವಯ್ಯ ಮರಳಲಿಲ್ಲ. ಚಿತ್ರದಲ್ಲಿ ಈ ಗೆಲುವು ಹುಂಬತನದ ಕೊಡುಗೆಯಂತೆ ಕಾಣುತ್ತದೆ.



ಹೆಸರು ಬದಲಿಸಿದ್ದಕ್ಕೆ ಕೊಡವರು ಸಿಟ್ಟಾದಾಗ, ಸಿನಿಮಾ ಸಾಕ್ಷ್ಯಚಿತ್ರವಲ್ಲ ಎಂದು ಸಮಾಧಾನ ಹೇಳುವ ವಿಮರ್ಶಕರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಬೇರೆ ಯಾವ ವೀರನ ಹೆಸರನ್ನಾದರೂ ಬದಲಿಸಲಿ. 23 ವರ್ಷ ಸರ್ಕಾರದ ಮನ್ನಣೆಯೇ ಸಿಗದವರ ಹೆಸರನ್ನು ಬದಲಿಸುವ ಸ್ವಾತಂತ್ರ್ಯ ಕಲೆಗೂ ಇಲ್ಲ. ಆ ಕಾಳಗ ನಮ್ಮ ಕಡೆಯವರ ಕಣ್ಣಿಗೆ ಬಿದ್ದಿರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪಾಕಿಸ್ತಾನದ ಕಡೆಯ ವಿವರ ಪ್ರಕಟಿಸಿದ ಮೇಲೆ, ದಾಳಿಯ ಮುಂದಾಳು ಓ.ಪಿ. ತನೇಜಾ ಪಟ್ಟು ಹಿಡಿದದ್ದರಿಂದ ಪದಕ ಬಂತು. ಹಾಗೆ ದಕ್ಕಿದ ಹೆಸರು ಅದು. ಆದರೆ ಹೆಸರಿಗಾಗಿ ಜಗಳವಾಡಿದವರೂ ಮೇಷ್ಟ್ರು ಕಾಣೆಯಾದದ್ದನ್ನು ಅಷ್ಟಾಗಿ ಕೇಳಲಿಲ್ಲ. ನಾಳೆ ಹೆಸರು ಸರಿಪಡಿಸಿದರೂ ತೆರೆಯ ಮೇಲಿರುವುದು ಅದೇ ಹುಡುಗ.

ಶ್ರೀರಂಗಪಟ್ಟಣದಲ್ಲೋ ನಾಗಮಂಗಲದಲ್ಲೋ ಕೂತು ವಾಯುಪಡೆಯ ಪರೀಕ್ಷೆಗೆ ಓದುವ ಹುಡುಗಿ ಈ ಚಿತ್ರ ನೋಡಿದರೆ, ಮಾತು ಮೀರುವುದೇ ಪೈಲಟ್‌ನ ಗುಣವೆಂದುಕೊಂಡಾಳು. ಅವಳಿಗೆ ತೋರಿಸಬೇಕಾದದ್ದು ದೇವಯ್ಯನವರು ಶಿಷ್ಯರಿಗೆ ತಿರುವು ಕಲಿಸುತ್ತಿದ್ದ ವರ್ಷಗಳನ್ನು.